ತುರ್ಕಿ ಜನರೂ ನಮ್ಮ ಮೈಸೂರು ಸೀಮೆಯೂ

ಶೆಟ್ಟಿಕೆರೆಯ ತೆಂಗಿನ ನೆರಳಿನಲ್ಲಿ ಕುಳಿತು ನಾವು ತುರ್ಕಿಯ ಮಾತೆತ್ತಿದರೆ, ‘ಎಲ್ಲಿಯ ತುರ್ಕಿ, ಎಲ್ಲಿಯ ಕೊಬ್ಬರಿ!’ ಎಂದು ನಗುವವರುಂಟು. ಆದರೆ ವಾಚಕರೇ, ನಮ್ಮ ಮೈಸೂರಿನವರು ಆ ಜನರನ್ನು ಎರಡು ಬಾರಿ ಎದುರುಗೊಂಡಿರುವರು. ಒಮ್ಮೆ ಸ್ನೇಹವನ್ನು ಬೇಡಿ, ಇನ್ನೊಮ್ಮೆ ಭರ್ಜಿಯನ್ನು ಹಿಡಿದು.

ತುರ್ಕರ ಮೂಲಸ್ಥಾನವು ಮಧ್ಯ ಏಷ್ಯದ ಹುಲ್ಲುಗಾವಲು. ಕುದುರೆ ಕುರಿಗಳೊಡನೆ ಅಲೆಯುತ್ತಿದ್ದ ಆ ಪಂಗಡಗಳು ಪಶ್ಚಿಮಕ್ಕೆ ಸರಿದು, 1071ರ ಮಂಜಿಕರ್ಟ್ ಯುದ್ಧದ ತರುವಾಯ ಅನಾತೋಲಿಯದಲ್ಲಿ ನೆಲೆಯೂರಿದುವು. ಅವರೊಳಗೆ ಉಸ್ಮಾನನ ವಂಶದವರು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದು, ಕ್ರಮೇಣ ಮೂರು ಖಂಡಗಳಲ್ಲಿ ಆಳಿದರು.

ಈ ವೈಭವದ ಕೀರ್ತಿಯನ್ನು ಕೇಳಿಯೇ ಟಿಪ್ಪು ಸುಲ್ತಾನನು 1786ರಲ್ಲಿ ಗುಲಾಂ ಅಲಿ ಖಾನನೇ ಮೊದಲಾದವರನ್ನು ಅಲ್ಲಿಗೆ ರಾಯಭಾರ ಕಳುಹಿಸಿದನು. ಹಡಗುಗಳಲ್ಲಿ ಮೆಣಸು, ಏಲಕ್ಕಿ, ಗಂಧ ಹೋದುವು. ಅವನು ಬೇಡಿದುದು ಇಂಗ್ಲಿಷರ ವಿರುದ್ಧ ನೆರವು, ಬಸ್ರಾ ಬಂದರಿನಲ್ಲಿ ಅಧಿಕಾರ, ಬಂದೂಕು ಗಡಿಯಾರಗಳನ್ನು ಮಾಡಬಲ್ಲ ಕುಶಲಿಗಳು. ಅಷ್ಟರಲ್ಲಿ, 1787ರಲ್ಲಿ, ತುರ್ಕಿಗೂ ರಷ್ಯಕ್ಕೂ ಯುದ್ಧ ಹತ್ತಿತು. ತನ್ನ ಮನೆಗೇ ಬೆಂಕಿ ಬಿದ್ದವನು ನೆರೆಯವನಿಗೆ ನೀರು ಹೊರುವನೇ? ಮರ್ಯಾದೆಗಳು ದೊರೆತುವು, ಸೈನ್ಯ ಬರಲಿಲ್ಲ. ಹೋದವರಲ್ಲಿ ಅನೇಕರು ಸಮುದ್ರಕ್ಕೂ ರೋಗಕ್ಕೂ ತುತ್ತಾದರು. 1798ರಲ್ಲಿ ಸುಲ್ತಾನ ಮೂರನೆಯ ಸೆಲೀಮನು, ಫ್ರೆಂಚರು ಈಜಿಪ್ಟನ್ನು ಹೊಕ್ಕುದರಿಂದ ನೊಂದು, ಅವರ ಸಂಗವನ್ನು ಬಿಡೆಂದು ಟಿಪ್ಪುವಿಗೆ ಪತ್ರ ಬರೆಸಿದನು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಎರಡನೆಯ ಭೇಟಿಯು 1918ರ ಸೆಪ್ಟೆಂಬರ್ 23ರಂದು, ಹೈಫಾ ನಗರದಲ್ಲಿ. ಮೈಸೂರು ಲ್ಯಾನ್ಸರ್ಸ್ ಪಡೆಯ ರಾವುತರು ಜೋಧಪುರದವರೊಡಗೂಡಿ, ಫಿರಂಗಿ ಯಂತ್ರತುಪಾಕಿಗಳ ಎದುರಿಗೆ ಕುದುರೆಗಳನ್ನು ಓಡಿಸಿ ಊರನ್ನು ಹಿಡಿದರು. ಸ್ನೇಹ ಬೇಡಿದ ನಾಡಿನ ಮಕ್ಕಳೇ ಇಂಗ್ಲಿಷರ ಪರವಾಗಿ ತುರ್ಕರೊಡನೆ ಕಾದಿದುದು ವಿಚಿತ್ರವೇ ಸರಿ.

ಸಾಮ್ರಾಜ್ಯ ಹೋದಮೇಲೆಯೇ ತುರ್ಕರು ರಾಷ್ಟ್ರವಾದರೆಂದು ನಮಗೆ ತೋರುತ್ತದೆ. ಮುಸ್ತಫಾ ಕೆಮಾಲನು ಪರಸೈನ್ಯಗಳನ್ನು ಅನಾತೋಲಿಯದಿಂದ ಅಟ್ಟಿ, 1923ರ ಅಕ್ಟೋಬರ್ 29ರಂದು ಗಣರಾಜ್ಯವನ್ನು ಸಾರಿದನು. ಮರುವರ್ಷ ಖಲೀಫನ ಪೀಠವನ್ನೇ ತೆಗೆದುಹಾಕಿದಾಗ, ಅದರ ರಕ್ಷಣೆಗಾಗಿ ಇಲ್ಲಿ ಚಳವಳಿ ಹೂಡಿದ್ದವರು ದಿಗ್ಭ್ರಾಂತರಾದರು. 1934ರಲ್ಲಿ ಸ್ತ್ರೀಯರಿಗೆ ಶಾಸನಸಭೆಯ ಮತಾಧಿಕಾರವೂ ಬಂದಿತು.

ಆದರೆ 1928ರಲ್ಲಿ ಅರಬ್ಬೀ ಅಕ್ಷರಗಳನ್ನು ಬಿಡಿಸಿ ಲ್ಯಾಟಿನ್ ಅಕ್ಷರಗಳನ್ನು ತಂದುದಕ್ಕೆ ಬೆಲೆಯನ್ನು ತೆತ್ತವರು ಮೊಮ್ಮಕ್ಕಳು. ಅಜ್ಜನು ಬರೆದಿಟ್ಟ ಕಾಗದ ಅವರಿಗೆ ಬರಿಯ ಗೆರೆ. ಸೆಲೀಮನು ಟಿಪ್ಪುವಿಗೆ ಬರೆಸಿದ ಪತ್ರದ ಲಿಪಿಯನ್ನು ಅಂಕಾರದ ಇಂದಿನ ಹುಡುಗನು ಬೇರೆಯಾಗಿ ಕಲಿತಲ್ಲದೆ ಓದಲಾರನು.