ಸೀಸ ಕರಗಿಸುವ ಮುನ್ನ

1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಆ ವರ್ಷ ನಮ್ಮ ಮಾಮೂಗೆ ಹಿನ್ನೀರಿನಲ್ಲಿ ಮೀನು ಹಿಡಿಯುವ ಹುಚ್ಚು ಹತ್ತಿತು. ಬೀಸುಬಲೆಯ ಅಂಚಿಗೆ ಸೀಸದ ಗುಂಡು ಬೇಕು. ಹಳೆಯ ಸೀಸ ತಂದು ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆಯೇ ಕರಗಿಸಿದರು. ನೆಲಕ್ಕೆ ಬಿದ್ದ ಹೊಳೆಯುವ ಹನಿಗಳನ್ನು ನನ್ನ ತಂಗಿ ಆಯ್ದುಕೊಂಡು ಆಡುತ್ತಿದ್ದಳು. ಆಗ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ.

ಮತ್ತೋಡಿಗೆ ಕುಲುಮೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾರೆ. ನಮ್ಮೂರು ಗಾಜಿನ ಬಳೆಗೆ ಹೆಸರಾಗಿತ್ತು. ಹಿಂದಿನ ಕಾಲದ ಹಳದಿ ಗಾಜಿಗೆ ಬಣ್ಣ ಬರುತ್ತಿದ್ದುದು ಸೀಸ ಮತ್ತು ತವರದಿಂದ. ಉರ್ದುವಿನಲ್ಲಿ ಸೀಸಾ ಎಂದರೆ ಸೀಸ, ಶೀಶಾ ಎಂದರೆ ಗಾಜು. ಬಾಟಲಿಗೆ ಕನ್ನಡದಲ್ಲಿ ಸೀಸೆ ಎನ್ನುವುದೂ ಆ ಶೀಶಾದಿಂದಲೇ.

ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮನೆಯ ಒಲೆಗೆ ಅದು ಕಷ್ಟವೇ ಅಲ್ಲ, ಅದೇ ತೊಂದರೆ. ಎಲ್ಲರೂ ಹೊಗೆಗೆ ಮಾತ್ರ ಹೆದರುತ್ತಾರೆ. 500 ಡಿಗ್ರಿ ದಾಟಿದರೆ ಹೊಗೆ ನಿಜಕ್ಕೂ ಹೆಚ್ಚು, ಆದ್ದರಿಂದ ಉರಿ ಸಣ್ಣಗಿರಬೇಕು, ಕೆಲಸ ಬಯಲಲ್ಲಿ, ಗಾಳಿಗೆ ಬೆನ್ನು ಹಾಕಿ ನಡೆಯಬೇಕು. ಮೂಗಿಗೆ ಕಟ್ಟಿದ ಕರ್ಚೀಫು ಈ ಹೊಗೆಯನ್ನು ತಡೆಯುವುದಿಲ್ಲ. ಆದರೆ ಮನೆಯೊಳಗೆ ಉಳಿಯುವುದು ಹೊಗೆಯಲ್ಲ, ಕರಗಿದ ಸೀಸದ ಮೇಲೆ ಕೆನೆಯಂತೆ ಕಟ್ಟುವ ಬೂದಿಬಣ್ಣದ ಪುಡಿ. ಅದು ಕೈಗೆ, ಬಟ್ಟೆಗೆ, ನೆಲಕ್ಕೆ ಹತ್ತಿ ಕೊನೆಗೆ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಅವರ ಮೆದುಳು ಕೆಡುತ್ತದೆ. ಮೂಳೆಯಲ್ಲಿ ಸೇರಿದ್ದು ಹತ್ತಾರು ವರ್ಷ ಅಲ್ಲೇ ಇರುತ್ತದೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳಿದರೆ ಜಮೆ ಬೇಗ, ಖರ್ಚು ಬಹಳ ನಿಧಾನ.

ಹಾಗಾಗಿ ಕರಗಿಸುವ ಕಬ್ಬಿಣದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು. ಕೆನೆಯನ್ನು ಮುಚ್ಚಳದ ಡಬ್ಬಿಗೆ ಹಾಕಬೇಕು. ನೆಲವನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ಬಟ್ಟೆಬರೆ ಬೇರೆ ಒಗೆಯಬೇಕು. ಕೆಲಸದ ನಡುವೆ ಚಹಾ ಬೇಡ. ನಮಾಜಿಗೆ ಹೊತ್ತಾಯಿತೆಂದು ನೇರವಾಗಿ ವುಝೂಗೆ ಕೂರುವವರು ಒಂದು ಗಮನಿಸಬೇಕು: ವುಝೂದಲ್ಲಿ ಅದೇ ಬೊಗಸೆಯ ನೀರಿನಿಂದ ಬಾಯಿ ಮುಕ್ಕಳಿಸುತ್ತೇವೆ. ಮೊದಲು ಸೋಪು ಹಾಕಿ ಕೈ ಚೆನ್ನಾಗಿ ತೊಳೆದುಕೊಳ್ಳಿ, ಬರೀ ನೀರು ಸಾಲದು.

ಇನ್ನೊಂದು ಅಪಾಯ ಕ್ಷಣದಲ್ಲಿ ಆಗುವಂಥದ್ದು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದೊಳಗೆ ಒಂದು ಹನಿ ಸೇರಿದರೂ ಅದು ಸಿಡಿದು ಮುಖಕ್ಕೆ ಹಾರುತ್ತದೆ. ಅಚ್ಚು ಒಣಗಿರಬೇಕು, ಸ್ವಲ್ಪ ಬಿಸಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹೊಸ ತುಂಡು ಸೇರಿಸುವ ಮೊದಲು ಅದನ್ನೂ ಪೂರ್ತಿ ಒಣಗಿಸಬೇಕು. ಕನ್ನಡಕ, ಚರ್ಮದ ಕೈಗವಸು, ತುಂಬುತೋಳಿನ ಹತ್ತಿ ಅಂಗಿ, ಶೂ ಹಾಕಿಕೊಳ್ಳಬೇಕು. ಚಪ್ಪಲಿ ನಡೆಯುವುದಿಲ್ಲ.

ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವುದಂತೂ ಬೇಡವೇ ಬೇಡ, ಅದರಲ್ಲಿ ಆಸಿಡ್ಡೂ ಇದೆ, ಸೀಸದ ಪುಡಿಯೂ ಇದೆ. ಅಂಗಡಿಗೆ ವಾಪಸು ಕೊಟ್ಟರೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಕಡಿಮೆ ಮಾಡಿಕೊಡುತ್ತಾರೆ. ಈಗಾಗಲೇ ಮನೆಯೊಳಗೆ ಕರಗಿಸಿದ್ದು, ಚಿಕ್ಕ ಮಕ್ಕಳಿದ್ದರೆ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬಹುದು. ತಂಗಿಗೆ ಮಾಡಿಸೋಣ ಎಂದು ಅಮ್ಮಿಗೆ ಹೇಳಿದ್ದೇನೆ.