ವೃದ್ಧರ ಆರೈಕೆಗೆ ದರ ಕಟ್ಟುವುದು ಹೇಗೆ?

ಕಳೆದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಸಂಘದ ಹಳೆಯ ಗೋದಾಮಿನ ಜಾಗದಲ್ಲಿ ವಯಸ್ಸಾದ ಸದಸ್ಯರಿಗೊಂದು ವಸತಿಯನ್ನು ಏಕೆ ಮಾಡಬಾರದು ಎಂದು ಕೇಳಿದ್ದು ಸದಸ್ಯ ಬಾಂಧವರ ನೆನಪಿನಲ್ಲಿರಬಹುದು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಗಂಡ ಹೆಂಡತಿ ಇಬ್ಬರೇ ತೋಟದ ಮನೆಯಲ್ಲಿ ದಿನ ದೂಡುತ್ತಿರುವ ಕುಟುಂಬಗಳು ನಮ್ಮಲ್ಲಿ ಕಡಮೆಯಿಲ್ಲ. ಸಭೆ ಚಪ್ಪಾಳೆ ತಟ್ಟಿತು. ತಿಂಗಳಿಗೆ ಎಷ್ಟು ಹಣ ಗೊತ್ತುಮಾಡುವುದು ಎಂಬ ಮಾತು ಬಂದಾಗ ಮಾತ್ರ ಒಬ್ಬೊಬ್ಬರು ಒಂದೊಂದು ಅಂಕಿ ಹೇಳಿದರು. ಯಾವುದಕ್ಕೂ ಲೆಕ್ಕದ ಆಧಾರವಿರಲಿಲ್ಲ.

ಪರಿಶೀಲಿಸುವ ಹೊಣೆ ನಮ್ಮ ಮೇಲೆ ಬಿತ್ತು. ವಿಚಾರಿಸುತ್ತ ಹೋದಾಗ ಆಸ್ಟ್ರೇಲಿಯಾದವರು ಅನುಸರಿಸುತ್ತಿರುವ ಕ್ರಮ ತಿಳಿದುಬಂತು. ಕಾಫಿ ಬೆಳೆಗಾರನಿಗೆ ಅದು ತೀರ ಹೊಸದೆನಿಸದು. 1996ಕ್ಕೆ ಮುನ್ನ ಕಾಫಿ ಬೋರ್ಡಿನ ಪೂಲಿಗೆ ಮಾಲು ಹಾಕಿದವರಿಗೆಲ್ಲ ಪಾಯಿಂಟಿನ ಲೆಕ್ಕ ಗೊತ್ತು: ಜಾತಿ, ದರ್ಜೆ ನೋಡಿ ಪಾಯಿಂಟು, ಪಾಯಿಂಟಿಗಿಷ್ಟು ಎಂದು ಕಂತುಕಂತಾಗಿ ಹಣ. 2022ರ ಅಕ್ಟೋಬರ್ 1ರಿಂದ ಆಸ್ಟ್ರೇಲಿಯಾದ ವೃದ್ಧರ ವಸತಿಗಳಿಗೆ ಸರಕಾರ ಹಣ ಕೊಡುವುದು ಹೆಚ್ಚುಕಡಮೆ ಹೀಗೆಯೇ. ನಡೆದಾಡುವ ಶಕ್ತಿ, ಬುದ್ಧಿಯ ಸ್ಥಿತಿ, ದೇಹದ ನಿತ್ರಾಣ ಇವುಗಳನ್ನು ಪರೀಕ್ಷಿಸಿ, ಖಾಯಂ ನಿವಾಸಿಗಳನ್ನು 13 ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ವರ್ಗಕ್ಕೊಂದು ತೂಕ. ತೂಕವನ್ನು ರಾಷ್ಟ್ರೀಯ ದರದಿಂದ ಗುಣಿಸಿದರೆ ದಿನದ ಹಣ. ಪರೀಕ್ಷಿಸುವವರು ವಸತಿಯ ನೌಕರರಲ್ಲ, ಹೊರಗಿನವರು. ಹಿಂದಿನ ಪದ್ಧತಿಯಲ್ಲಿ ವಸತಿಯವರೇ ಅಂದಾಜು ಕಟ್ಟುತ್ತಿದ್ದರು. ಬೆಳೆಗಾರನೇ ತನ್ನ ಮಾಲಿಗೆ ದರ್ಜೆ ಹಾಕಿಕೊಂಡಂತೆ!

ಆ ದೇಶವೂ ಸುಮ್ಮನೆ ಇಲ್ಲಿಗೆ ಬರಲಿಲ್ಲ. ವೃದ್ಧರ ವಸತಿಗಳ ದುಃಸ್ಥಿತಿ ಬಯಲಾಗಿ 2018ರಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. 2019ರ ಮಧ್ಯಂತರ ವರದಿಗೆ ಅದು ಇಟ್ಟ ಹೆಸರೇ ‘ನಿರ್ಲಕ್ಷ್ಯ’. 2021ರ ಮಾರ್ಚಿಯಲ್ಲಿ 148 ಶಿಫಾರಸುಗಳ ಅಂತಿಮ ವರದಿ ಹೊರಬಂತು. ಮರುವರ್ಷ, ಆಸ್ಪತ್ರೆಗಳ ವೆಚ್ಚ ಲೆಕ್ಕ ಹಾಕುತ್ತಿದ್ದ ಸ್ವತಂತ್ರ ಪ್ರಾಧಿಕಾರಕ್ಕೇ ವೃದ್ಧರ ಆರೈಕೆಯ ದರದ ಕೆಲಸವನ್ನೂ ಒಪ್ಪಿಸಲಾಯಿತು.

ನಮ್ಮ ಮನಸ್ಸನ್ನು ಹಿಡಿದದ್ದು ಈ ಪ್ರಾಧಿಕಾರದ ನಡವಳಿಕೆ. ಅದು ಪ್ರಶ್ನೆಗಳ ಪತ್ರವೊಂದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ದರ್ಜೆಗಳು ನಿಜವಾದ ಖರ್ಚನ್ನು ತೋರಿಸುತ್ತವೆಯೇ, ದೂರದ ಊರುಗಳಿಗೆ ಹೆಚ್ಚೇನು ಬೇಕು, ಯಾವ ವೆಚ್ಚ ಲೆಕ್ಕಕ್ಕೆ ಬಾರದೆ ಉಳಿದಿದೆ ಎಂದು ವಸತಿ ನಡೆಸುವವರು, ನರ್ಸುಗಳು, ನಿವಾಸಿಗಳ ಮನೆಯವರು, ಯಾರು ಬೇಕಾದರೂ ಬರೆಯಬಹುದು. ಪ್ರಾಧಿಕಾರ ಕೊಡುವುದು ಸಲಹೆ ಮಾತ್ರ. ದರ ನಿಶ್ಚಯಿಸುವುದು ಸರಕಾರ. ಆದರೂ ಕೇಳಿದ್ದು ನಿಷ್ಫಲವೆನ್ನಲಾಗದು. ಅಲ್ಲಿ ದೂರಪ್ರದೇಶದ ಸಣ್ಣ ವಸತಿಗಳಿಗೆ, ಸ್ಥಿರ ಖರ್ಚಿನ ಭಾಗವನ್ನು ಜನರ ತಲೆಯೆಣಿಸದೆ ಹಾಸಿಗೆಗಳ ಲೆಕ್ಕದಲ್ಲಿ ಕೊಡುವ ಏರ್ಪಾಡಿದೆ. ಐದು ಮೂಟೆ ಹಣ್ಣಿದ್ದರೂ ಐವತ್ತಿದ್ದರೂ ಪಲ್ಪರಿಗೆ ಇಂಜಿನ್ ಹಾಕಲೇಬೇಕಲ್ಲ! ರಾತ್ರಿ ಪಾಳಿಯ ನರ್ಸೂ ಹಾಗೆಯೇ. ಸರಾಸರಿಯ ಲೆಕ್ಕದಲ್ಲಿ ಮೊದಲು ಮುಳುಗುವವನು ಸಣ್ಣವನು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ದಿನಕ್ಕೆ 216.80 ಡಾಲರ್ ಇದ್ದ ಮೂಲ ದರ 2024ರ ಅಕ್ಟೋಬರಿಗೆ 280.01 ಡಾಲರಿಗೆ ಏರಿತ್ತು. ನಡುವೆ 2023ರಲ್ಲಿ ಆರೈಕೆ ಮಾಡುವ ನೌಕರರ ವೇತನ ಶೇ. 15ರಷ್ಟು ಹೆಚ್ಚಿತು. ಒಬ್ಬೊಬ್ಬ ನಿವಾಸಿಗೆ ದಿನಕ್ಕೆ ಸರಾಸರಿ 200 ನಿಮಿಷಗಳ ಶುಶ್ರೂಷೆ ಸಲ್ಲಬೇಕೆಂದು ಅದೇ ವರ್ಷ ಕಡ್ಡಾಯವಾಗಿ, ಮರುವರ್ಷ ಅದು 215 ನಿಮಿಷವಾಯಿತು. ನಿವಾಸಿಗಳಿಂದ ಊಟ ವಸತಿಗೆಂದು ಪಡೆಯುವ ಮೂಲ ಶುಲ್ಕ, ಒಂಟಿ ವೃದ್ಧರಿಗೆ ಸಲ್ಲುವ ಮೂಲ ಪಿಂಚಣಿಯ ಶೇ. 85.

ಶುಶ್ರೂಷೆಯನ್ನು ನಿಮಿಷದಲ್ಲಿ ಅಳೆಯುವುದೇ ಎಂದು ನಮಗೂ ಮೊದಲು ನಗು ಬಂತು. ಆದರೆ ನಮ್ಮ ತಾಯಿಯವರು ಹಾಸಿಗೆ ಹಿಡಿದ ಎರಡು ವರ್ಷಗಳ ಲೆಕ್ಕದ ಪುಸ್ತಕವನ್ನು ತೆಗೆದು ನೋಡಿದೆವು. ಔಷಧಿ, ವೈದ್ಯರ ಫೀಸು, ಪೇಟೆಗೆ ಜೀಪಿನ ಬಾಡಿಗೆ ಎಲ್ಲ ಇದೆ. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಿದ್ದು, ಬಟ್ಟೆ ಒಗೆದದ್ದು, ತುತ್ತು ತಿನ್ನಿಸಲು ಹಿಡಿದ ಹೊತ್ತು ಯಾವ ಪುಟದಲ್ಲೂ ಇಲ್ಲ. ಅದೆಲ್ಲ ಮನೆಯಾಕೆಯ ಪಾಲಿಗೆ ಬಂದಿತ್ತು. ಆ ಪುಸ್ತಕವನ್ನು ನಂಬಿ ವಸತಿಯ ದರ ಕಟ್ಟಿದ್ದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತಿತ್ತು, ಇಲ್ಲವೇ ಮುದುಕರು ಒದ್ದೆ ಹಾಸಿಗೆಯಲ್ಲಿ ಮಲಗಬೇಕಾಗುತ್ತಿತ್ತು.

ಆಸ್ಟ್ರೇಲಿಯಾದ ಕ್ರಮದಲ್ಲಿ ನಮಗೊಂದು ಅನುಮಾನ ಉಳಿದಿದೆ. ಪುಟಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಬರೆಯುವ ಶಕ್ತಿ ಲೆಕ್ಕಿಗರನ್ನಿಟ್ಟುಕೊಂಡ ದೊಡ್ಡ ಸಂಸ್ಥೆಗಳಿಗಿದೆ. ಮರೆವು ಹಿಡಿದ ಅಜ್ಜಿಗೆಲ್ಲಿದೆ? ಅವಳ ಪರವಾಗಿ ಹಗಲಿರುಳು ಕೈಹಾಕಿ ದುಡಿದವರನ್ನೇ ಕೇಳಬೇಕು.

ಆದ್ದರಿಂದ ಗೋದಾಮಿನ ಜಾಗದ ನಕ್ಷೆಗೆ ಮುನ್ನ ಈ ಲೆಕ್ಕವಾಗಲಿ ಎಂದು ಆಡಳಿತ ಮಂಡಳಿಗೆ ತಿಳಿಸಿದ್ದೇವೆ. ಮನೆಯಲ್ಲಿ ಹಿರಿಯರ ಆರೈಕೆ ಮಾಡುತ್ತಿರುವ ಸದಸ್ಯರು ಒಂದು ವಾರದ ಖರ್ಚನ್ನೂ, ಯಾರ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಕಾಗದದಲ್ಲಿ ಬರೆದು ಮುಂದಿನ ಸಭೆಯೊಳಗೆ ಕಚೇರಿಗೆ ತಲುಪಿಸಬೇಕು. ಹೆಸರು ಬರೆಯಬೇಕಾಗಿಲ್ಲ. ಬರೆಯುವವರು ಯಜಮಾನರಾಗದೆ, ರಾತ್ರಿ ಎದ್ದು ನೋಡಿಕೊಳ್ಳುವವರೇ ಆಗಿರಲಿ.