ನಿಮ್ಮ ಮನೆಯ ಮೊಲ ಏನು ಹೇಳುತ್ತಿದೆ?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಜಗಲಿಯ ಮೂಲೆಯಲ್ಲೋ ಹಟ್ಟಿಯ ಪಕ್ಕದಲ್ಲೋ ಒಂದು ಮೊಲದ ಗೂಡು ಇರುತ್ತದೆ. ಒಳಗೆ ಹೆಚ್ಚಾಗಿ ಕೆಂಪು ಕಣ್ಣಿನ ಬಿಳಿ ಮೊಲ. ಮಕ್ಕಳ ಹಠಕ್ಕೆ ತಂದ ಮೇಲೆ ನಾಲ್ಕು ದಿನ ಎಲ್ಲರೂ ಗೂಡಿನ ಮುಂದೆ ಕೂರುತ್ತಾರೆ. ಆಮೇಲೆ ಆಸಕ್ತಿ ಇಳಿಯುತ್ತದೆ. ನಾಯಿಯ ಹಾಗೆ ಬಾಲ ಅಲ್ಲಾಡಿಸುವುದಿಲ್ಲ, ಬೆಕ್ಕಿನ ಹಾಗೆ ಕೂಗುವುದಿಲ್ಲ, ಪಾಪದ ಪ್ರಾಣಿ, ಸೊಪ್ಪು ಹಾಕಿದರೆ ಸಾಕು ಎಂದು ಸುಮ್ಮನಾಗುತ್ತಾರೆ. ಆದರೆ ಮೊಲ ದಿನವಿಡೀ ನಮಗೆ ಏನಾದರೊಂದು ಹೇಳುತ್ತಲೇ ಇರುತ್ತದೆ. ಅದು ಹೇಳುವುದು ಬಾಯಿಯಿಂದಲ್ಲ. ಕಿವಿ, ಮೂಗು, ಹಿಂಗಾಲು, ಗಲ್ಲ ಮತ್ತು ಕೂರುವ ಭಂಗಿಯಿಂದ.

ಇದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಇಂದು ಜಗತ್ತಿನಾದ್ಯಂತ ಸಾಕುವ ಮೊಲಗಳೆಲ್ಲ ಸ್ಪೇನ್, ಪೋರ್ಚುಗಲ್ ಕಡೆಯ ಒಂದೇ ಜಾತಿಯ ಸಂತತಿ. ಅವು ನೆಲದೊಳಗೆ ಬಿಲ ತೋಡಿ ಗುಂಪಾಗಿ ಬದುಕುವ ಪ್ರಾಣಿಗಳು. ನರಿ, ಹದ್ದು, ಕಾಡುಬೆಕ್ಕು ಎಲ್ಲಕ್ಕೂ ಅವೇ ಆಹಾರ. ಸದ್ದು ಮಾಡಿದ ಮೊಲ ಮೊದಲು ಸಿಕ್ಕಿಬೀಳುತ್ತದೆ, ನೋವು ತೋರಿಸಿಕೊಂಡ ಮೊಲವನ್ನು ಬೇಟೆಗಾರ ಪ್ರಾಣಿ ಮೊದಲು ಆರಿಸಿಕೊಳ್ಳುತ್ತದೆ. ಹಾಗಾಗಿ ಸಂತೋಷವನ್ನೂ ಸಂಕಟವನ್ನೂ ಸದ್ದಿಲ್ಲದೆ ಹೇಳುವುದನ್ನು ಅದು ರೂಢಿಸಿಕೊಂಡಿದೆ. ನಮ್ಮ ಹಾಡಿಗಳಲ್ಲಿ ಓಡಾಡುವ ಕಾಡುಮೊಲ ಬೇರೆಯೇ ಜಾತಿ. ಅದು ಬಿಲ ತೋಡುವುದಿಲ್ಲ. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲು ಹೊತ್ತು ಬರುತ್ತವೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹುಲ್ಲಿನ ನಡುವೆ ಒಂಟಿ ಮರಿ ಕಂಡರೆ ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಮನೆಗೆ ತರಬೇಡಿ. ತಾಯಿ ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ.

ಮೊಲದ ಕಣ್ಣುಗಳು ತಲೆಯ ಎರಡು ಬದಿಯಲ್ಲಿವೆ. ಹಿಂದೆ, ಮೇಲೆ, ಪಕ್ಕದಲ್ಲಿ ಸುತ್ತಲೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದಿನ ಒಂದಿಷ್ಟು ಜಾಗ. ನಾವು ಪ್ರೀತಿಯಿಂದ ಮೂಗಿನ ಮುಂದೆ ಬೆರಳು ಹಿಡಿದಾಗ ಅದು ಬೆಚ್ಚುವುದು ಅಥವಾ ಕಚ್ಚುವುದು ಇದೇ ಕಾರಣಕ್ಕೆ. ಮೇಲಿನಿಂದ ಕೈ ಇಳಿಸಿದರೆ ಹದ್ದು ಎರಗಿದಂತೆ ಹೆದರುತ್ತದೆ. ಪಕ್ಕದಿಂದ ಮೆಲ್ಲನೆ ಹೋಗಿ, ನೆಲದಲ್ಲಿ ಕೂತು, ಹಣೆಯ ಮೇಲೆ ಸವರಿ. ಕೆಂಪು ಕಣ್ಣಿನ ಬಿಳಿ ಮೊಲ ಕೆಲವೊಮ್ಮೆ ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತೂಗುವುದನ್ನು ನೀವು ನೋಡಿರಬಹುದು. ಆ ಬಣ್ಣದ ಕಣ್ಣಿಗೆ ದೃಷ್ಟಿ ಕಡಿಮೆ. ತಲೆ ತೂಗಿ ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತದೆ. ಪ್ರಖರ ಬೆಳಕು ಅದಕ್ಕೆ ಆಗುವುದಿಲ್ಲ. ಗೂಡಿನ ಮುಂದೆ ಟ್ಯೂಬ್‌ಲೈಟ್ ರಾತ್ರಿಯಿಡೀ ಉರಿಯುವುದು ಬೇಡ.

ಮೊಲದ ನುಡಿಯಲ್ಲಿ ಎಲ್ಲರ ಕಿವಿಗೂ ಬೀಳುವುದು ಹಿಂಗಾಲಿನ ಬಡಿತ. ಬಿಲದಲ್ಲಿರುವ ಬಳಗಕ್ಕೆ 'ಅಪಾಯ ಬಂತು' ಎಂದು ನೆಲದ ಮೂಲಕ ಕಳುಹಿಸುವ ಎಚ್ಚರಿಕೆ ಅದು. ಮನೆಯಲ್ಲಿ ನಡುರಾತ್ರಿ ಗೂಡಿನಿಂದ ಧಪ್ ಧಪ್ ಎಂದು ಕೇಳಿದರೆ ಬೈಯಲು ಹೋಗಬೇಡಿ, ಟಾರ್ಚು ಹಿಡಿದು ಸುತ್ತ ನೋಡಿ. ನಮ್ಮ ಕಡೆ ಹಾವು, ಮುಂಗುಸಿ, ಬೀದಿನಾಯಿ ಯಾವುದೂ ಗೂಡಿನ ಹತ್ತಿರ ಬಂದಿರಬಹುದು. ಕೋಟೇಶ್ವರದ ಕೊಡಿ ಹಬ್ಬ, ದೀಪಾವಳಿಯ ಪಟಾಕಿ, ಪಕ್ಕದ ಬಯಲಲ್ಲಿ ಯಕ್ಷಗಾನದ ಚೆಂಡೆ, ಅಕ್ಟೋಬರಿನ ಗುಡುಗು ಇವೆಲ್ಲ ಮೊಲಕ್ಕೆ ಒಂದೇ: ಓಡಿಹೋಗಲು ಜಾಗವಿಲ್ಲದಾಗ ಬಂದ ಭಯ. ಅಂಥ ರಾತ್ರಿ ಗೂಡನ್ನು ಒಳಮನೆಗೆ ತಂದು, ಮೇಲೊಂದು ಬಟ್ಟೆ ಹಾಕಿ, ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆಯೊಂದನ್ನು ಒಳಗಿಡಿ. ಪೆಟ್ಟಿಗೆಗೆ ಎರಡು ಬಾಗಿಲು ಕತ್ತರಿಸಿದರೆ ಇನ್ನೂ ಒಳ್ಳೆಯದು; ಒಂದೇ ದಾರಿಯಿರುವ ಬಿಲವನ್ನು ಮೊಲ ನಂಬುವುದಿಲ್ಲ. ಭಯ ಮಿತಿ ಮೀರಿದರೆ ಮೊಲ ಕಿರುಚುವುದೂ ಉಂಟು, ಚಿಕ್ಕ ಮಗು ಅತ್ತಂತೆ. ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಸಂತೋಷದ ಮಾತುಗಳು ಬಹಳ ಚೆಂದ. ಬೆಳಗಿನ ಜಾವ ಮತ್ತು ಮುಸ್ಸಂಜೆ ಮೊಲ ಚುರುಕಾಗುವ ಹೊತ್ತು. ಆಗ ಗೂಡಿನಿಂದ ಬಿಟ್ಟರೆ ಓಡುತ್ತ ಓಡುತ್ತಲೇ ಗಾಳಿಗೆ ಹಾರಿ, ನಡುವಿನಲ್ಲೇ ಮೈ ತಿರುಚಿ, ಕಾಲು ಒದರಿ ಇಳಿಯುತ್ತದೆ. ಅಂಥ ಜಿಗಿತ ಕಂಡರೆ ನಿಮ್ಮ ಸಾಕಣೆ ಸರಿಯಾಗಿದೆ ಎಂದರ್ಥ. ಪಕ್ಕಕ್ಕೆ ಧೊಪ್ಪನೆ ಬಿದ್ದು ಕಾಲು ಚಾಚಿ ಮಲಗಿದಾಗ ಸತ್ತೇಹೋಯಿತು ಎಂದು ಗಾಬರಿಯಾಗುವವರಿದ್ದಾರೆ. ಉಸಿರು ನಿಧಾನವಾಗಿ ಸಾಗುತ್ತಿದ್ದರೆ ಅದು ಪೂರ್ತಿ ನಿಶ್ಚಿಂತೆಯ ನಿದ್ದೆ. ಹಣೆ ಸವರುವಾಗ ಹಲ್ಲುಗಳನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತದೆ. ಕೆನ್ನೆಯ ಮೇಲೆ ಬೆರಳಿಟ್ಟರೆ ಸಣ್ಣ ಕಂಪನ ಸಿಗುತ್ತದೆ. ಇದು ಹಿತದ ಗುರುತು.

ಗಲ್ಲವನ್ನು ಗೂಡಿನ ಸರಳಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಚಪ್ಪಲಿಗೆ ಉಜ್ಜುತ್ತದೆ. ಗಲ್ಲದ ಕೆಳಗೆ ವಾಸನೆಯ ಗ್ರಂಥಿಗಳಿವೆ. ನಮ್ಮ ಮೂಗಿಗೆ ತಾಗದ ಆ ವಾಸನೆಯಿಂದ ಅದು 'ಇದು ನನ್ನದು' ಎಂದು ಗುರುತು ಹಾಕುತ್ತಿದೆ. ಮೂಗಿನಿಂದ ನಿಮ್ಮ ಕಾಲನ್ನು ನೂಕಿದರೆ 'ನನ್ನನ್ನು ನೋಡು' ಎಂದೋ 'ದಾರಿ ಬಿಡು' ಎಂದೋ. ಯಾವುದು ಎಂದು ಸಂದರ್ಭ ಹೇಳುತ್ತದೆ. ಕೈ ನೆಕ್ಕುವುದು ನಿಮ್ಮನ್ನು ತನ್ನ ಗುಂಪಿಗೆ ಸೇರಿಸಿಕೊಂಡ ಲಕ್ಷಣ. ತಲೆ ನೆಲಕ್ಕೆ ಒತ್ತಿ ನಿಮ್ಮ ಮುಂದೆ ಕೂತರೆ, ಸವರುವ ಸರದಿ ನಿಮ್ಮದು. ಕಾಲಿನ ಸುತ್ತ ಗಿರಕಿ ಹೊಡೆಯುತ್ತ ಗುರ್ ಗುರ್ ಎಂದು ಸಣ್ಣಗೆ ಸದ್ದು ಮಾಡಿದರೆ ಪ್ರಾಯಕ್ಕೆ ಬಂದ ಮೊಲ ಜೊತೆ ಹುಡುಕುತ್ತಿದೆ.

ಉಗುರು ಕತ್ತರಿಸಿದ ಮೇಲೋ, ಇಷ್ಟವಿಲ್ಲದೆ ಎತ್ತಿಕೊಂಡ ಮೇಲೋ ಮೊಲ ನಮಗೆ ಬೆನ್ನು ಹಾಕಿ ಕೂರುತ್ತದೆ. "ಹ್ವಾಯ್, ಮೊಲ ಸಿಟ್ ಮಾಡ್ಕಂಡ್ ಕೂಕಂಡಿತ್ ಕಾಣಿ" ಎಂದು ಮನೆಯ ಹಿರಿಯರು ಹೇಳಿದರೆ ಅವರು ಸರಿಯಾಗಿಯೇ ಓದಿದ್ದಾರೆ. ಬಲವಂತ ಮಾಡದೆ ಬಿಟ್ಟರೆ ತಾನಾಗಿ ತಿರುಗುತ್ತದೆ.

ಗೂಡಿಗೆ ಕೈ ಹಾಕಿದೊಡನೆ ಗುರುಗುಟ್ಟಿ, ಕಿವಿ ಹಿಂದಕ್ಕೆ ಒತ್ತಿ, ಮುಂಗಾಲಿನಿಂದ ಹೊಡೆಯಲು ಬರುವ ಮೊಲವನ್ನು ಕೆಟ್ಟದ್ದು ಎನ್ನುತ್ತಾರೆ. ಗೂಡು ಅದರ ಬಿಲ. ಅದನ್ನು ಕಾಯುವುದು ಅದರ ಸ್ವಭಾವ, ಹೆಣ್ಣಿನಲ್ಲಿ ಇನ್ನೂ ಜಾಸ್ತಿ. ಮೊಲ ಹೊರಗೆ ಆಡುತ್ತಿರುವಾಗ ಗೂಡು ತೊಳೆದರೆ ಈ ಜಗಳವೇ ಇರುವುದಿಲ್ಲ. ಹೆಣ್ಣು ಮೊಲ ಎದೆಯ ಕೂದಲು ಕಿತ್ತು ಹುಲ್ಲಿನ ಜೊತೆ ಸೇರಿಸುತ್ತಿದ್ದರೆ ಚರ್ಮರೋಗವೆಂದು ಎಣ್ಣೆ ಹಚ್ಚಬೇಡಿ, ಅದು ಮರಿಗೆ ಹಾಸಿಗೆ ಮಾಡುತ್ತಿದೆ. ಗರ್ಭ ಸುಮಾರು 30 ದಿನ. ಗಂಡಿನ ಸಂಗವಿಲ್ಲದೆ ಸುಳ್ಳು ಬಸಿರಿನಲ್ಲೂ ಹೀಗೆ ಮಾಡುವುದುಂಟು. ಮರಿ ಹಾಕಿದ ಮೇಲೆ ತಾಯಿ ಮರಿಗಳ ಹತ್ತಿರ ಸುಳಿಯುವುದೇ ಇಲ್ಲ ಎಂದು ಮನೆಯವರು ಕಂಗಾಲಾಗುತ್ತಾರೆ. ಸಾಕುಮೊಲ ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ ಹಾಲು ಕೊಡುವುದು. ತನ್ನ ವಾಸನೆ ಹಿಡಿದು ಶತ್ರು ಬಾರದಿರಲಿ ಎಂದು ಉಳಿದ ಹೊತ್ತು ದೂರವಿರುತ್ತದೆ. ಬೆಳಿಗ್ಗೆ ಮರಿಗಳ ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ.

ಕಿವಿ ಹಿಡಿದು ಮೊಲವನ್ನು ಎತ್ತುವ ಪದ್ಧತಿಯನ್ನು ನಾವು ಬಿಡಲೇಬೇಕು. ಕಿವಿ ಹಿಡಿಕೆಯಲ್ಲ, ರಕ್ತನಾಳಗಳು ತುಂಬಿದ, ಮೈಯ ಬಿಸಿ ಹೊರಹಾಕುವ ನಾಜೂಕಿನ ಅಂಗ. ಮೊಲದ ಎಲುಬು ಹಗುರ, ಹಿಂಗಾಲಿನ ಸ್ನಾಯು ಬಲಿಷ್ಠ. ಗಾಳಿಯಲ್ಲಿ ತೂಗಾಡುತ್ತ ಒಮ್ಮೆ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ನಿಮ್ಮ ಮೈಗೆ ಒತ್ತಿ ಹಿಡಿಯಿರಿ. ಬೆನ್ನ ಮೇಲೆ ಮಲಗಿಸಿದಾಗ ಮೊಲ ಅಲ್ಲಾಡದೆ ಬಿದ್ದುಕೊಳ್ಳುವುದನ್ನು ಮುದ್ದು ಎಂದು ವಿಡಿಯೋ ಮಾಡುವವರಿದ್ದಾರೆ. ಬೇಟೆಗಾರನ ಬಾಯಲ್ಲಿ ಸಿಕ್ಕ ಪ್ರಾಣಿ ಮರಗಟ್ಟುವ ಸ್ಥಿತಿ ಅದು, ಸುಖವಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳಿಗೂ ಕಲಿಸಬೇಡಿ.

ಗಾಬರಿಯಾಗಬೇಕಾಗಿಲ್ಲದ ಎರಡು ಸಂಗತಿ. ಮೊಲ ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಮೆತ್ತನೆಯ ಹಿಕ್ಕೆಯನ್ನು ತಿನ್ನುತ್ತದೆ. ಕರುಳಿನಲ್ಲಿ ಹುಳಿತು ತಯಾರಾದ ಪೋಷಕಾಂಶಗಳನ್ನು ಅದು ಎರಡನೇ ಸಲ ಪಡೆಯುವ ದಾರಿ ಅದು. ಇನ್ನೊಂದು, ಸೊಪ್ಪಿನ ಬಣ್ಣದಿಂದ ಮೂತ್ರ ಕಿತ್ತಳೆ ಅಥವಾ ಕೆಂಪಾಗುವುದು. ಆದರೆ ಮೂತ್ರ ಮಾಡಲು ಒದ್ದಾಡುತ್ತಿದ್ದರೆ, ರಕ್ತದ ಹೆಪ್ಪು ಕಂಡರೆ ವೈದ್ಯರಿಗೆ ತೋರಿಸಬೇಕು.

ನಮ್ಮ ಕರಾವಳಿಯ ಹವೆ ಮೊಲಕ್ಕೆ ಹೇಳಿ ಮಾಡಿಸಿದ್ದಲ್ಲ. ಮೊಲಕ್ಕೆ ಮೈ ಬೆವರುವುದಿಲ್ಲ. 28–30 ಡಿಗ್ರಿ ದಾಟಿದರೆ ಕಷ್ಟ ಶುರು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಶೀಟಿನ ಮಾಡಿನ ಕೆಳಗಿನ ಗೂಡು ಅದಕ್ಕೆ ಪ್ರಾಣಾಂತಿಕ. ಕಿವಿ ಬಿಸಿಯಾಗಿ ಕೆಂಪೇರುವುದು, ಮೂಗು ಒದ್ದೆಯಾಗುವುದು, ಉಸಿರು ಏದುಸಿರಾಗುವುದು, ಬಾಯಿ ತೆರೆದು ಉಸಿರಾಡುವುದು ಇವು ಬಿಸಿಲ ಹೊಡೆತದ ಮಾತುಗಳು. ಕೂಡಲೇ ನೆರಳಿಗೆ ತಂದು ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿ ಒರೆಸಿ, ವೈದ್ಯರಲ್ಲಿಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಮಧ್ಯಾಹ್ನದ ಹೊತ್ತು ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರೆ ಮೊಲ ಅದಕ್ಕೆ ಒರಗಿ ಮಲಗುತ್ತದೆ.

ಮಳೆಗಾಲ ಇನ್ನೊಂದು ಪರೀಕ್ಷೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಥಂಡಿ ಹಿಡಿದ ಗೂಡಿನಲ್ಲಿ ಪಾದದ ಅಡಿ ಹುಣ್ಣಾಗುತ್ತದೆ, ಮೂತ್ರದ ಘಾಟಿಗೆ ಕಣ್ಣು ಮೂಗು ಸೋರುತ್ತದೆ. ಪದೇ ಪದೇ ತಲೆ ಕೊಡವಿ ಕಿವಿ ಕೆರೆದುಕೊಂಡರೆ ಒಳಗೆ ನುಸಿ ಸೇರಿ ಹಕ್ಕಳೆ ಕಟ್ಟಿರಬಹುದು. ತಂತಿಯ ನೆಲದ ಮೇಲೆ ಒಂದು ಹಲಗೆ ಹಾಕಿ, ಒಣ ಬೈಹುಲ್ಲು ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಿರಿ.

ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸುವುದು ಹುಲ್ಲು. ಆಹಾರದ ಬಹುಪಾಲು ಗರಿಕೆ ಮತ್ತು ಒಣಹುಲ್ಲೇ ಆಗಿರಬೇಕು. ದಾಸವಾಳದ ಎಲೆ ಅದಕ್ಕೆ ಬಹಳ ಇಷ್ಟ. ಕ್ಯಾರೆಟ್, ಬಾಳೆಹಣ್ಣು ಅಪರೂಪಕ್ಕೆ ಒಂದು ಚೂರು. ಅನ್ನ, ಬಿಸ್ಕತ್ತು ಬೇಡ. ಹಸಿ ಕೆಸುವಿನ ಎಲೆ ಬಾಯಿ ಸುಡುತ್ತದೆ, ಅಂಗಳದ ಕಣಗಿಲೆ ವಿಷ.

ಎಲ್ಲಕ್ಕಿಂತ ಮುಖ್ಯವಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು ಮೊಲದ ನೋವು. ಅದು ಮುದುಡಿ ಕೂರುತ್ತದೆ, ಕಣ್ಣು ಅರೆ ಮುಚ್ಚುತ್ತದೆ, ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತದೆ, ಹಲ್ಲನ್ನು ಕಿವಿಗೆ ಕೇಳುವಷ್ಟು ಜೋರಾಗಿ ಕಡಿಯುತ್ತದೆ. ಇಷ್ಟದ ಸೊಪ್ಪು ಹಿಡಿದರೂ ಮುಖ ತಿರುಗಿಸುತ್ತದೆ. ಹಿಕ್ಕೆ ಸಣ್ಣದಾಗುತ್ತದೆ, ಆಮೇಲೆ ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಕರುಳು ನಿಂತರೆ ಹೊಟ್ಟೆ ಉಬ್ಬಿ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಹನ್ನೆರಡು ಗಂಟೆ ಏನೂ ತಿನ್ನದ ಮೊಲ ತುರ್ತು ಚಿಕಿತ್ಸೆ ಬೇಕಾದ ಮೊಲ.

ಪಶು ಆಸ್ಪತ್ರೆಗೆ ಒಯ್ಯುವಾಗ ಕೊನೆಯ ಸಲ ತಿಂದದ್ದು ಯಾವಾಗ, ಹಿಕ್ಕೆ ಹಾಕಿದ್ದು ಯಾವಾಗ ಎಂದು ಹೇಳಿ. ಸಾಧ್ಯವಾದರೆ ಹಿಕ್ಕೆಯನ್ನೂ ಒಯ್ಯಿರಿ. ಮನೆಯಲ್ಲಿ ಉಳಿದ ಮಾತ್ರೆ, ಸಿರಪ್ ಕೊಡಬೇಡಿ. ಮನುಷ್ಯರಿಗೆ ಮಾಮೂಲಾದ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ಅದು ಸಾಯಬಹುದು. ನಾಯಿಗೆ ಉಣ್ಣಿ ಹೋಗಲು ಹಾಕುವ ಫಿಪ್ರೊನಿಲ್ ಇರುವ ಸ್ಪ್ರೇ ಮತ್ತು ಹನಿಮದ್ದು ಮೊಲಕ್ಕೆ ವಿಷ. ರಾತ್ರಿ ಹಾಕಿದ ಹುಲ್ಲು ಬೆಳಿಗ್ಗೆಯೂ ಹಾಗೇ ಇದ್ದರೆ ಸಂಜೆಯವರೆಗೆ ಕಾಯದೆ ಆಗಲೇ ಹೊರಡಿ.